ಎಲ್ಲಿಂದಮ್ಮನ ಪೆನ್ಸಿಲು

ಅವಳಿಗೆ ಆ ಹೆಸರಿಟ್ಟವರು ಕಂಟ್ರಾಕ್ಟರುಗಳು. ಬೆನ್ನ ಹಿಂದೆ ಎಲ್ಲಿಂದಮ್ಮ, ಎದುರಿಗೆ ಮೇಡಂ. ಕಟ್ಟಡ ಪರವಾನಗಿ ಕಚೇರಿಯ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಬಲಕ್ಕೆ ತಿರುಗಿದರೆ ಸಿಗುವ ಮೂಲೆಯಲ್ಲಿ, ಒಂದು ಕಾಲಿಗೆ ರಟ್ಟು ಮಡಚಿಟ್ಟ ಮೇಜಿನ ಹಿಂದೆ ಇಪ್ಪತ್ತೊಂಬತ್ತು ವರ್ಷ ಕೂತಿದ್ದಳು. ಆ ಮೂಲೆಗೆ ಮಣ್ಣು ವಿಭಾಗ ಎಂದು ಹೆಸರು. ವಿಭಾಗ ಎಂದರೆ ಅವಳೊಬ್ಬಳೇ. ದಿಬ್ಬ ಕಡಿದು ಮನೆ ಕಟ್ಟುವವರು, ಹಳ್ಳ ಮುಚ್ಚಿ ಅಂಗಡಿ ಎಬ್ಬಿಸುವವರು, ಯಾರೇ ಆಗಲಿ, ಗುದ್ದಲಿ ಎತ್ತುವ ಮೊದಲು ಅವಳ ಮುಂದೆ ಬಂದು ನಿಲ್ಲಲೇಬೇಕು. ಅರ್ಜಿ, ನಕ್ಷೆ, ಮಣ್ಣು ಪರೀಕ್ಷೆಯ ವರದಿ. ಮೂರರಲ್ಲಿ ಒಂದಿಲ್ಲದಿದ್ದರೂ ಬಂದ ದಾರಿ ಹಿಡಿಯಬೇಕು.

ಮೂರೂ ತಂದವರಿಗೂ ನೆಮ್ಮದಿಯಿಲ್ಲ. ವರದಿಯಲ್ಲಿ ‘ಒಂದೂವರೆ ಮೀಟರ್ ಆಳದಲ್ಲಿ ಗಟ್ಟಿ ಮಣ್ಣು’ ಎಂಬಂಥ ಸಾಲು ಕಣ್ಣಿಗೆ ಬಿದ್ದರೆ ಸಾಕು, ಅವಳು ಕನ್ನಡಕದ ಮೇಲಿಂದ ನೋಡುತ್ತಿದ್ದಳು.

“ಎಲ್ಲಿಂದ?”

“ಎಲ್ಲಿಂದ ಅಂದ್ರೆ? ನೆಲದಿಂದ ಮೇಡಂ!”

“ಯಾವತ್ತಿನ ನೆಲ?”

ಅಲ್ಲಿಗೆ ಎದುರಿನವನು ತಲೆ ಕೆರೆದುಕೊಂಡು, ಇಂಜಿನಿಯರಿಗೆ ಫೋನು ಮಾಡಲು ಕಾರಿಡಾರಿಗೆ ಓಡುತ್ತಿದ್ದ.

ಪ್ರಶ್ನೆ ಅವಳ ಸ್ವಂತದ್ದಲ್ಲ. ಅವಳು ಇಂಜಿನಿಯರಿಂಗ್ ಓದಿದವಳೂ ಅಲ್ಲ. ಪುಟಗಳಿಗೆ ನಂಬರು ಹಾಕುವ ಕೆಲಸಕ್ಕೆ ಸೇರಿಕೊಂಡವಳು. ಹೊಸತರಲ್ಲಿ ಮಣ್ಣಿನ ಲ್ಯಾಬಿನಿಂದ ವರದಿಗಳನ್ನು ತಂದುಕೊಡುತ್ತಿದ್ದ ಮುದುಕನೊಬ್ಬನಿದ್ದ. ಉಗುರ ಸಂದಿಯಲ್ಲಿ ಸದಾ ಮಣ್ಣು, ಬಾಯಲ್ಲಿ ಸದಾ ಬೈಗುಳ. ಅವನೇ ಒಂದು ದಿನ ಬೆಂಚಿನ ಮೇಲೆ ಟೀ ಕುಡಿಯುತ್ತ ಹೇಳಿಕೊಟ್ಟಿದ್ದು.

“ನೋಡಮ್ಮ, ನಾವು ಕೊರೀವಾಗ ಯಾವ ನೆಲ ಇರುತ್ತೋ ಅಲ್ಲಿಂದ ಆಳ ಅಳೀತೀವಿ. ನಾವು ಹೋದ್ಮೇಲೆ ಆ ಕಳ್ಳನನ್ಮಕ್ಳು ಅದರ ಮೇಲೆ ಆಳೆತ್ತರ ಮಣ್ಣು ಸುರೀತಾರೆ. ವರದಿ ಹಳೇದೇ, ನೆಲ ಮಾತ್ರ ಹೊಸದು. ಗಟ್ಟಿ ಇದೆ ಅಂತ ನಂಬಿ ಅಗೆದ್ರೆ ಸಿಗೋದು ಪುಡಿ ಮಣ್ಣು. ಅದಕ್ಕೇ, ಆಳ ಅಂತ ಕಂಡ್ರೆ ಮೊದ್ಲು ಎಲ್ಲಿಂದ ಅಂತ ಕೇಳು.”

ಮುದುಕ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವಳು ಕೇಳುತ್ತಲೇ ಬಂದಳು.

ಇನ್ನು ಪೆನ್ಸಿಲಿನ ಕಥೆ. ಆ ಕಚೇರಿಯಲ್ಲಿ ಶಾಯಿ ಮೇಲಿನವರದು, ಪೆನ್ಸಿಲು ಕೆಳಗಿನವರದು. ಅವಳಿಗೆ ಅನುಮಾನ ಬಂದರೆ ವರದಿಯ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಬರೆಯಬೇಕು. ಸರಿಯಾದ ಉತ್ತರ ಬಂದ ಮೇಲೆ ಪಕ್ಕದಲ್ಲಿ ಒಂದು ರೈಟು ಹಾಕಬೇಕು. ರೈಟು ಬೀಳದೆ ಫೈಲು ಮೇಲಕ್ಕೆ ಹೋಗುವಂತಿಲ್ಲ. ಸಾಹೇಬರು ರೈಟು ನೋಡಿ ಶಾಯಿಯಲ್ಲಿ ಸಹಿ ಹಾಕುತ್ತಾರೆ. ಸಹಿಯಾದ ಫೈಲು ಮತ್ತೆ ಅವಳ ಮೇಜಿಗೆ ಬರುತ್ತದೆ, ಯಾಕೆಂದರೆ ದಾಖಲೆ ಕೋಣೆಗೆ ಹೋಗುವ ಮುಂಚೆ ಪೆನ್ಸಿಲಿನ ಗುರುತೆಲ್ಲ ರಬ್ಬರಿನಿಂದ ಅಳಿಸಬೇಕು. ಫೈಲು ಚೊಕ್ಕಟವಾಗಿರಬೇಕಂತೆ. ಈ ಪದ್ಧತಿ ಯಾರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಬಹಳ ಅನುಕೂಲದ ಪದ್ಧತಿ. ಯಾರಿಗೆ ಅನುಕೂಲ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ದಿನಾ ಸಂಜೆ ಮನೆಗೆ ಹೊರಡುವ ಮುಂಚೆ ಎಲ್ಲಿಂದಮ್ಮ ತನ್ನ ಪ್ರಶ್ನೆಗಳನ್ನು ತಾನೇ ಉಜ್ಜಿ ಉಜ್ಜಿ ಅಳಿಸಿ, ರಬ್ಬರಿನ ಪುಡಿಯನ್ನು ಬುಟ್ಟಿಗೆ ಕೊಡವುತ್ತಿದ್ದಳು.

ಅವಳ ಕೈ ಭಾರ. ವಾರಕ್ಕೊಂದು ಪೆನ್ಸಿಲು ಮುರಿಯುತ್ತಿತ್ತು. ಪಕ್ಕದ ಮೇಜಿನ ಟೈಪಿಸ್ಟ್ ಹೆಂಗಸು ರೇಗಿಸುತ್ತಿದ್ದಳು. “ಏನ್ರೀ, ಕಾಗದದ ಮೇಲೆ ಬರೀತಿದೀರೋ, ಮೇಜಿನ ಮೇಲೆ ಶಾಸನ ಕೆತ್ತುತಿದೀರೋ?”

ಮನೆಯಲ್ಲಿ ಅವಳಿಗೆ ಗಂಡ ಮಕ್ಕಳಿಲ್ಲ. ಇದ್ದವನು ಒಬ್ಬ ತಮ್ಮ, ಹನ್ನೊಂದು ವರ್ಷ ಚಿಕ್ಕವನು. ಅಮ್ಮ ಹೋದ ಮೇಲೆ ಉಣ್ಣಿಸಿ, ತಲೆ ಬಾಚಿ, ಶಾಲೆಗೆ ಕಳಿಸಿದವಳು ಇವಳೇ. ರಾತ್ರಿ ಅವನ ಲೆಕ್ಕದ ಪುಸ್ತಕ ತಿದ್ದಿ, ಸರಿಯಿದ್ದರೆ ಹಾಳೆ ತೂತು ಬೀಳುವ ಹಾಗೆ ಒತ್ತಿ ರೈಟು ಹಾಕುತ್ತಿದ್ದಳು. ತಪ್ಪಿದ್ದರೆ ಅತ್ತು ಕರೆದರೂ ಹಾಕುತ್ತಿರಲಿಲ್ಲ. ಲೆಕ್ಕ ಅವನಿಗೆ ಹತ್ತಲಿಲ್ಲ, ಗಾರೆ ಕೆಲಸ ಹತ್ತಿತು. ಒಳ್ಳೆಯ ಕೈ. ಗೋಡೆ ಮುಗಿಸಿದ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡುತ್ತಿದ್ದ. ಎಲ್ಲಿ ಕೂದಲೆಳೆಯಷ್ಟು ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಬೆರಳಿಗೇ ಗೊತ್ತಾಗುತ್ತಿತ್ತು. ಮದುವೆಯಾಗಿ ಎರಡು ಬೀದಿಯಾಚೆ ಮನೆ ಮಾಡಿದ. ಅಲ್ಲಿಗೆ ಅವಳು ಹೋದರೆ ಯಾರೂ ಕುರ್ಚಿ ಹಾಕುತ್ತಿರಲಿಲ್ಲ. “ಬಾ ಅಕ್ಕ” ಎಂದು ತಮ್ಮ ಮಂಚದ ತುದಿಯಲ್ಲಿ ಜಾಗ ಸರಿಸುತ್ತಿದ್ದ, ಅವಳು ಕಾಲು ಮಡಚಿ ಕೂರುತ್ತಿದ್ದಳು.

ಇನ್ನು ಮೂರು ವರ್ಷಕ್ಕೆ ನಿವೃತ್ತಿ ಎನ್ನುವಾಗ ಒಂದು ಫೈಲು ಬಂತು. ಇಳಿಜಾರಿನಲ್ಲಿ ನಾಲ್ಕು ಮಹಡಿಯ ಕಟ್ಟಡ. ಮಣ್ಣಿನ ವರದಿ ವರ್ಷದ ಮೊದಲ ತಿಂಗಳದ್ದು, ನೆಲದ ಮಟ್ಟ ತೋರಿಸುವ ನಕ್ಷೆ ಐದನೇ ತಿಂಗಳದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಇಳಿಜಾರಿನ ಕೆಳಬದಿಯ ನೆಲ ನಾಲ್ಕು ತಿಂಗಳಲ್ಲಿ ಎರಡು ಮೀಟರ್ ಮೇಲೆದ್ದಿತ್ತು. ನೆಲ ತಾನಾಗಿ ಏಳುವುದಿಲ್ಲ. ಪೆನ್ಸಿಲು ಎತ್ತಿಕೊಂಡು ಅಂಚಿನಲ್ಲಿ ಬರೆದಳು: ‘ಆಳ ಎಲ್ಲಿಂದ? ಹಳೆ ನೆಲದಿಂದಲೋ, ಮಣ್ಣು ತುಂಬಿದ ಮೇಲಿನದರಿಂದಲೋ?’

ಆರು ದಿನ ಉತ್ತರ ಬರಲಿಲ್ಲ. ಏಳನೆಯ ದಿನ ಸಾಹೇಬರು ಕೋಣೆಗೆ ಕರೆಸಿದರು. ಮಾತು ಬಿರುಸಾಯಿತು. ಅವಳು ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಬಂದದ್ದನ್ನು ಟೈಪಿಸ್ಟ್ ನೋಡಿದ್ದಳು. ಸಂಜೆಯೊಳಗೆ ಸಹಿ ಬಿತ್ತು. ಮರುದಿನ ಉಳಿದ ಫೈಲುಗಳ ಜೊತೆ ಅದನ್ನೂ ಅಳಿಸಿ ದಾಖಲೆ ಕೋಣೆಗೆ ಕಳಿಸಿದಳು. ನಾನು ಕೇಳಿದ್ದೆ, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬಷ್ಟೇ ಅವಳ ನೆನಪಿನಲ್ಲಿ ಉಳಿಯಿತು. ಅಷ್ಟೇ ಉಳಿಯಲಿ ಎಂದು ಮನಸ್ಸಿಗೂ ಇತ್ತೇನೋ.

ಎರಡು ತಿಂಗಳ ಮೇಲೆ ಆ ಕಟ್ಟಡದ ತಡೆಗೋಡೆ ಕಟ್ಟಲು ಹೋದವನು ಅವಳ ತಮ್ಮ. ಇದು ಅವಳಿಗೆ ಗೊತ್ತಿರಲಿಲ್ಲ. ಅವನು ಯಾವ ವಾರ ಯಾವ ಕೆಲಸದಲ್ಲಿರುತ್ತಾನೆ ಎಂದು ಅವಳು ಕೇಳುತ್ತಿರಲಿಲ್ಲ. ಕೆಳಬದಿಯಲ್ಲಿ ಮೂರು ಮೀಟರ್ ಆಳಕ್ಕೆ ನೆಟ್ಟಗೆ ಕಡಿದು ಬಿಟ್ಟಿದ್ದರು. ಗಟ್ಟಿ ಮಣ್ಣು ಎಂದು ವರದಿಯೇ ಹೇಳುವಾಗ ಹಲಗೆಯ ಆಸರೆ ಯಾಕೆ ದಂಡ? ಬೆಳಿಗ್ಗೆ ಹನ್ನೊಂದು ಗಂಟೆ, ಒಳ್ಳೆ ಬಿಸಿಲು. ಜೊತೆಗಿದ್ದ ಇಬ್ಬರು ಗುಂಡಿಗೆ ಇಳಿಯಲು ಹಿಂದೆಮುಂದೆ ನೋಡಿದರು. ತಮ್ಮ ಅವರನ್ನು ಗೇಟಿನ ಹತ್ತಿರ ಕರೆದೊಯ್ದು, ಪ್ಲಾಸ್ಟಿಕ್ ಕವರಿನಲ್ಲಿ ನೇತುಹಾಕಿದ್ದ ಪರವಾನಗಿ ತೋರಿಸಿದ.

“ನೋಡ್ರೋ, ಪರಿಶೀಲನೆ, ಮಣ್ಣು ವಿಭಾಗ ಅಂತ ಸೀಲು ಬಿದ್ದಿದೆ. ಅದು ನಮ್ಮಕ್ಕ. ಅವಳ ಕಣ್ಣು ತಪ್ಪಿಸಿ ಒಂದು ಇರುವೆ ಹೋಗಲ್ಲ. ನಿಮಗೆ ಭಯ ಆದ್ರೆ ನಾನೇ ಮೊದ್ಲು ಇಳೀತೀನಿ.”

ಮೊದಲು ಇಳಿದ. ಅವನು ತಳ ಮುಟ್ಟಿದಾಗ ಉಳಿದಿಬ್ಬರು ಇನ್ನೂ ಏಣಿಯ ಮೇಲಿದ್ದರು, ಮಣ್ಣು ಜಾರುವುದು ಕಂಡು ಮೇಲಕ್ಕೆ ಹಾರಿಕೊಂಡರು. ಮಣ್ಣಿನ ಗೋಡೆ ಪೂರ್ತಿ ಕುಸಿದು ಬಿತ್ತು. ಅವನನ್ನು ಹೊರಗೆ ತೆಗೆಯಲು ಒಂದು ಗಂಟೆಯ ಮೇಲಾಯಿತು. ಜೀವ ಉಳಿಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಇದನ್ನೆಲ್ಲ ಆಸ್ಪತ್ರೆಯಲ್ಲಿ ಅವಳಿಗೆ ಹೇಳಿದವನು ಅವನೇ. ಆರೋಪದ ದನಿ ಎಳ್ಳಷ್ಟೂ ಇರಲಿಲ್ಲ. “ನೀನು ನೋಡಿರ್ತೀಯ ಅಂತಾನೇ ಇಳಿದೆ ಅಕ್ಕ. ಆಮೇಲೆ ಇವರು ಏನೋ ಬದಲಾಯಿಸಿರ್ಬೇಕು.” ಬೈದಿದ್ದರೆ ವಾಸಿಯಿತ್ತು. ಅವಳು ಗೋಡೆಯ ಕಡೆ ತಿರುಗಿ ಕೂತಳು.

ಬೈಯುವ ಕೆಲಸ ತಮ್ಮನ ಹೆಂಡತಿ ಮಾಡಿದಳು. ವಾರ್ಡಿನ ಹೊರಗೆ, ಕೈಯಲ್ಲಿ ಅವನ ಒಂದೇ ಚಪ್ಪಲಿ ಹಿಡಿದುಕೊಂಡು.

“ಅತ್ತಿಗೆ, ನೀವು ಆ ಕಾಗದ ನೋಡಿದ್ರಾ ಇಲ್ವಾ? ಅಷ್ಟು ಹೇಳಿ.”

“ನೋಡಿದ್ದೆ. ಸರಿಯಿಲ್ಲ ಅಂತ ಪ್ರಶ್ನೆ ಬರೆದಿದ್ದೆ.”

“ಎಲ್ಲಿದೆ ತೋರಿಸಿ. ನಿಮ್ಮ ಸೀಲು ನಂಬ್ಕೊಂಡು ನನ್ನ ಗಂಡ ಕಾಲು ಕಳ್ಕೊಂಡ. ನೀವು ಬರೆದಿದ್ದು ನನ್ನ ಕಣ್ಣಾರೆ ನೋಡಬೇಕು. ಇಲ್ದಿದ್ರೆ ನಮ್ಮನೆ ಹೊಸಿಲು ತುಳೀಬೇಡಿ.”

ತೋರಿಸುವುದೇನು? ಅಳಿಸಿದವಳು ತಾನೇ.

ಕಚೇರಿಯಲ್ಲಿ ವಿಚಾರಣೆ ಎದ್ದಿತು. ಲ್ಯಾಬಿನವರು, ನಾವು ಕೊರೆದ ದಿನ ನೆಲ ಹಾಗಿರಲಿಲ್ಲ ಎಂದರು. ಕಂಟ್ರಾಕ್ಟರು, ಪರವಾನಗಿ ಇದೆಯಲ್ಲ ಎಂದ. ಸಾಹೇಬರು, ಮಣ್ಣು ವಿಭಾಗದಿಂದ ಯಾವ ಆಕ್ಷೇಪಣೆಯೂ ಫೈಲಿನಲ್ಲಿಲ್ಲ ಎಂದು ಬರೆದುಕೊಟ್ಟು ಕೈ ತೊಳೆದುಕೊಂಡರು. ಗೂಬೆ ಯಾರ ತಲೆಯ ಮೇಲೆ ಕೂರಲಿದೆ ಎಂದು ಜವಾನನಿಗೂ ತಿಳಿದುಹೋಗಿತ್ತು. ಕೆಲಸ ಹೋದರೆ ಹೋಗಲಿ. ಅವಳಿಗೆ ಬೇಕಾಗಿದ್ದದ್ದು ಮಂಚದ ತುದಿಯ ಜಾಗ. ನಾನು ಕೇಳಿದ್ದೆ ಎಂದು ತಮ್ಮನ ಮನೆಯವರಿಗೆ ತೋರಿಸಬೇಕಿತ್ತು, ಅಷ್ಟೇ.

ದಾರಿ ತೋರಿಸಿದವಳು ಟೈಪಿಸ್ಟ್, ಅದೂ ಸಮಾಧಾನ ಹೇಳಲು ಬಂದು. “ಅಳಿಸಿದ್ರೇನಂತೆ? ನಿಮ್ಮ ಕೈ ಭಾರಕ್ಕೆ ಕೆಳಗಿನ ಮೂರು ಹಾಳೆ ಮೇಲೂ ಮೂಡಿರುತ್ತೆ ಬಿಡಿ.”

ಎಲ್ಲಿಂದಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

ದಾಖಲೆ ಕೋಣೆಯಲ್ಲಿ ಎತ್ತರದಲ್ಲಿ ಒಂದೇ ಕಿಟಕಿ, ಅದಕ್ಕೂ ಧೂಳು. ಫೈಲು ತೆಗೆದು ಆ ಪುಟ ಹುಡುಕಿ, ಬೆಳಕಿಗೆ ಓರೆಯಾಗಿ ಹಿಡಿದಳು. ಮೊದಲು ಏನೂ ಕಾಣಲಿಲ್ಲ. ಸ್ವಲ್ಪ ವಾಲಿಸಿದಾಗ ಬಿಳಿ ಕಾಗದದಲ್ಲಿ ಬಿಳಿಯದೇ ತೋಡು ಕಂಡಿತು. ‘ಎಲ್ಲಿಂದ?’ ಅವಳದೇ ಅಕ್ಷರ. ಕಣ್ಣು ತುಂಬಿ ಬಂದು ಮುಂದಿನದು ಕಾಣಲಿಲ್ಲ, ಕಾಣಬೇಕೆಂದೂ ಅನ್ನಿಸಲಿಲ್ಲ. ದಾಖಲೆ ಕೋಣೆಯವನು ಆಚೆ ಸಾಲಿನಲ್ಲಿ ಕೆಮ್ಮಿದ. ಇಪ್ಪತ್ತೊಂಬತ್ತು ವರ್ಷದಲ್ಲಿ ಕಚೇರಿಯ ಒಂದು ಗುಂಡುಪಿನ್ನನ್ನೂ ಮನೆಗೆ ಒಯ್ಯದವಳು ಆ ಹಾಳೆಯನ್ನು ಮಡಚದೆ, ಊಟದ ಚೀಲದ ಬದಿಯಲ್ಲಿ ಜಾರಿಸಿದಳು.

ಮಧ್ಯಾಹ್ನ ರಜೆ ಬರೆದು ನೇರ ತಮ್ಮನ ಮನೆಗೆ ಹೋದಳು. ಅವನು ಮಂಚದ ಮೇಲೆ ದಿಂಬಿಗೆ ಒರಗಿದ್ದ. ಊರುಗೋಲು ಗೋಡೆಗೆ ನಿಂತಿತ್ತು. ಅವಳು ಹೊಸಿಲ ಹೊರಗೇ ನಿಂತು, “ತಂದಿದೀನಿ” ಎಂದಳು. ತಮ್ಮನ ಹೆಂಡತಿ ದಾರಿ ಬಿಟ್ಟಳು.

“ಕಿಟಕಿ ಕಡೆ ಹಿಡಿದು ನೋಡೋ.”

“ನನಗ್ಯಾಕೆ ಕಿಟಕಿ,” ಎಂದು ತಮ್ಮ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು ಕಣ್ಣು ಮುಚ್ಚಿದ. ಗೋಡೆ ಸವರುತ್ತಿದ್ದ ಹಾಗೆಯೇ ಅಂಚಿನುದ್ದಕ್ಕೂ ಬೆರಳು ಆಡಿಸಿದ. “ಇದೆ ಇದೆ. ಆಳ... ಎಲ್ಲಿಂದ... ಹಳೆ ನೆಲ...” ಕಣ್ಣು ಬಿಟ್ಟು ಹೆಂಡತಿಯ ಕಡೆ ತಿರುಗಿದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗು. “ನಾನು ಹೇಳ್ಲಿಲ್ವೇನೇ? ನಮ್ಮಕ್ಕ ಬಿಡೋಳಲ್ಲ ಅಂತ ಹೇಳ್ಲಿಲ್ವಾ?”

ಹೆಂಡತಿ ಬಗ್ಗಿ ತಾನೂ ಮುಟ್ಟಿ ನೋಡಿದಳು. ಕಣ್ಣು ಒರೆಸಿಕೊಂಡಳು. “ಸಂಕಟದಲ್ಲಿ ಏನೇನೋ ಅಂದ್ಬಿಟ್ಟೆ ಅತ್ತಿಗೆ, ಹೊಟ್ಟೆಗೆ ಹಾಕ್ಕೊಳ್ಳಿ. ಕೂತ್ಕೊಳ್ಳಿ, ಟೀ ಇಡ್ತೀನಿ.”

ತಮ್ಮ ಉಳಿದಿದ್ದ ಅರ್ಧ ಕಾಲನ್ನು ಕೈಯಲ್ಲಿ ಎತ್ತಿ ಸರಿಸಿ ಜಾಗ ಮಾಡಿದ. ಎಲ್ಲಿಂದಮ್ಮ ಮಂಚದ ತುದಿಯಲ್ಲಿ ಕಾಲು ಮಡಚಿ ಕೂತಳು. ಒಳಗೆ ಸ್ಟವ್ ಹತ್ತಿದ ಸದ್ದು ಕೇಳಿಸಿತು.

ತಮ್ಮನ ಬೆರಳು ಸುಮ್ಮನಿರಲಿಲ್ಲ. ಕೆಲಸವಿಲ್ಲದೆ ಕೂತಿದ್ದ ಕೈ, ಆ ಅಂಚಿನ ಮೇಲೆ ಇನ್ನೂ ಓಡಾಡುತ್ತಿತ್ತು.

“ಅಕ್ಕ, ಪಕ್ಕದಲ್ಲಿ ಇನ್ನೊಂದಿದೆ.”

“ಇನ್ನೊಂದೇನು?”

“ಅಕ್ಷರ ಅಲ್ಲ. ಸ್ವಲ್ಪ ಕೆಳಗಿಳಿದು ಉದ್ದಕ್ಕೆ ಮೇಲೆ ಹೋಗುತ್ತೆ. ಇದು ಬೇರೆ ಎಲ್ಲದಕ್ಕಿಂತ ಆಳ ಇದೆ, ಹಾಳೆ ಹರಿಯೋ ಹಾಗೆ.” ಬೆರಳು ಇನ್ನೊಮ್ಮೆ ಕೆಳಗಿಳಿದು ಮೇಲೆ ಹೋಯಿತು. ಅಲ್ಲೇ ನಿಂತಿತು. ಲೆಕ್ಕದ ಪುಸ್ತಕದಲ್ಲಿ ಎಷ್ಟು ಸಲ ಕಾದಿದ್ದನೋ ಆ ಗುರುತಿಗಾಗಿ. “ರೈಟು ಅಲ್ವಾ ಅಕ್ಕ ಇದು?”

ಆಗ ಅವಳಿಗೆ ಎಲ್ಲ ನೆನಪಾಯಿತು. ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, ನಕ್ಷೆ ತಂದ ಕಂಟ್ರಾಕ್ಟರ ಎದುರಿಗೇ ಕೇಳಿದ್ದರು. “ವರದಿ ಬರೆದವನು ಇಂಜಿನಿಯರ್ರು, ಸಹಿ ಹಾಕೋನು ನಾನು ಇಂಜಿನಿಯರ್ರು. ಅಮ್ಮಾವ್ರು ಯಾವ ಕಾಲೇಜಲ್ಲಿ ಓದಿದ್ದು?” ಕಂಟ್ರಾಕ್ಟರು ಫಕ್ಕನೆ ನಕ್ಕಿದ್ದ. ಅವಳು ಹೊರಗೆ ಬಂದು ಕೂತು, ನನಗ್ಯಾಕೆ ಊರ ಉಸಾಬರಿ, ಹಾಳಾಗಿ ಹೋಗಲಿ ಎಂದುಕೊಂಡು, ಪ್ರಶ್ನೆಯ ಪಕ್ಕದಲ್ಲಿ ಬಲವಾಗಿ ಒತ್ತಿ ರೈಟು ಹಾಕಿ ಫೈಲು ಮೇಲಕ್ಕೆ ತಳ್ಳಿದ್ದಳು. ಪೆನ್ಸಿಲು ಮುರಿದಿತ್ತು. ಮುರಿದ ತುದಿ ನೆಲದಲ್ಲಿ ಉರುಳಿದ್ದೂ ಈಗ ನೆನಪಾಯಿತು.

“ಹೂಂ,” ಎಂದಳು.

“ಉತ್ತರ ಬಂದಿತ್ತಾ?”

“ಇಲ್ಲ.”

“ಮತ್ತೆ ಯಾರು ಹಾಕಿದ್ದು?”

“ನಾನೇ ಹಾಕಿದ್ದು.”

ತಮ್ಮ ಹಾಳೆಯನ್ನು ತೊಡೆಯಿಂದ ಎತ್ತಿ ಅವಳ ಕೈಗೆ ಕೊಟ್ಟ. ಟೀ ತಂದ ಹೆಂಡತಿ ಇಬ್ಬರ ಮುಖ ನೋಡಿ, ಲೋಟ ಎಲ್ಲಿಡುವುದೆಂದು ತಿಳಿಯದೆ ನಿಂತಳು. ಎಲ್ಲಿಂದಮ್ಮ ಆ ಟೀ ಕುಡಿಯಲಿಲ್ಲ.

ಮರುದಿನ ವಿಚಾರಣೆಯ ಮೇಜಿನ ಮೇಲೆ ಅವಳು ಆ ಹಾಳೆ ಇಟ್ಟಳು. ಓರೆಯಾಗಿ ಹಿಡಿದು ನೋಡಿ ಎಂದಳು. ಪ್ರಶ್ನೆ ನನ್ನದು, ಉತ್ತರ ಬರದೆ ರೈಟು ಹಾಕಿದವಳೂ ನಾನೇ, ಸಾಹೇಬರ ಮಾತಿಗೆ ಸಿಟ್ಟು ಬಂದು ಹಾಕಿದೆ, ಬರೆದುಕೊಳ್ಳಿ ಎಂದಳು. ಹೊರಗಿನ ಕಚೇರಿಯಿಂದ ಬಂದಿದ್ದ ವಿಚಾರಣಾಧಿಕಾರಿ ಒಳ್ಳೆಯ ಮನುಷ್ಯ. ಹಾಳೆಯನ್ನು ಹಿಡಿದು ನೋಡುವ ಗೋಜಿಗೂ ಹೋಗಲಿಲ್ಲ.

“ನೋಡಿಮ್ಮ, ಪೆನ್ಸಿಲಲ್ಲಿ ಬರೆದಿದ್ದು ದಾಖಲೆ ಅಲ್ಲ. ಅಳಿಸಿದ್ದಂತೂ ಮೊದಲೇ ಅಲ್ಲ. ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀರಿ? ನಿವೃತ್ತಿ ಹತ್ತಿರ ಇದೆ, ನೆಮ್ಮದಿಯಾಗಿರಿ.”

“ನಾನೇ ಹೇಳ್ತಾ ಇದೀನಲ್ಲ ಸರ್.”

“ನೀವು ಹೇಳಿದ್ರೆ ಆಗಲ್ಲ, ಫೈಲು ಹೇಳಬೇಕು.”

ಫೈಲು ಏನನ್ನೂ ಹೇಳುವಂತಿರಲಿಲ್ಲ. ಅದು ಬಾಯಿ ಬಿಡದ ಹಾಗೆ ಇಪ್ಪತ್ತೊಂಬತ್ತು ವರ್ಷ ಉಜ್ಜಿದ ಕೈ ಅವಳದೇ. ವಾರದ ಮೇಲೆ ಆದೇಶ ಬಂತು, ಒಂದೇ ಪುಟ. ಮಣ್ಣು ವಿಭಾಗದ ಪರಿಶೀಲನೆ ಕ್ರಮಬದ್ಧವಾಗಿದೆ. ಸದರಿ ಕೆಲಸಗಾರನು ತನ್ನ ಸುರಕ್ಷತೆಯ ಬಗ್ಗೆ ಎಚ್ಚರ ವಹಿಸದೆ ಗುಂಡಿಗೆ ಇಳಿದದ್ದೇ ಅಪಘಾತಕ್ಕೆ ಕಾರಣ. ಕೆಳಗೆ ಶಾಯಿಯ ಸಹಿ. ಸಾಹೇಬರು ತಾವೇ ಮೇಜಿನ ಹತ್ತಿರ ಬಂದು, “ನೋಡಿದ್ರಾ, ನಿಮ್ಮನ್ನ ಬಿಟ್ಟುಕೊಡ್ಲಿಲ್ಲ” ಎಂದು ಹೇಳಿ ಹೋದರು. ಅವಳಿಗೆ ಆ ಮನುಷ್ಯನ ಮುಖಕ್ಕೆ ಉಗಿಯಬೇಕೆನ್ನಿಸಿತು. ಉಗಿಯಲಿಲ್ಲ. ಉಗಿಯುವ ಹಕ್ಕು ಎಲ್ಲಿತ್ತು?

ಆದೇಶದ ಒಂದು ಪ್ರತಿ ತಮ್ಮನಿಗೆ ತಲುಪಿಸಬೇಕಿತ್ತು. ಅಂಚೆಗೆ ಹಾಕಬಹುದಿತ್ತು, ಅವಳು ತಾನೇ ಒಯ್ದಳು. ಬಾಗಿಲು ತೆರೆದಿತ್ತು. ತಮ್ಮ ಮಂಚದ ನಡುವೆ ಕೂತು ಊರುಗೋಲಿನ ತುದಿಗೆ ರಬ್ಬರಿನ ತುಂಡು ಸಿಕ್ಕಿಸುತ್ತಿದ್ದ. ಕಾಗದ ಇಸಿದುಕೊಂಡು ಪೂರ್ತಿ ಓದಿದ. ತನ್ನ ಬಗ್ಗೆ ಬರೆದ ಸಾಲಿಗೆ ಬಂದಾಗ ಬೆರಳಿನಿಂದ ಒಮ್ಮೆ ಸವರಿ ನೋಡಿದ. ಅಚ್ಚಿನ ಅಕ್ಷರ, ನುಣ್ಣಗಿತ್ತು. ಮಡಚಿ ದಿಂಬಿನ ಕೆಳಗಿಟ್ಟ.

ಅವಳು ಹೊಸಿಲ ಮೇಲೆ ಕಾದು ನಿಂತಿದ್ದಳು. ಅವನು ಜಾಗ ಸರಿಸಲಿಲ್ಲ.

ಒಳಗಿನಿಂದ ಹೆಂಡತಿ ಕೇಳಿದಳು. “ಯಾರ್ರೀ ಬಂದಿದ್ದು?”

“ಆಫೀಸಿನವರು ಬಂದಿದ್ದಾರೆ,” ಎಂದ ತಮ್ಮ. “ಒಂದು ಕುರ್ಚಿ ತಂದು ಹಾಕು.”